ಬಾಬ್ ಮಾರ್ಲಿಯ ಕೀರ್ತಿ: ವೇಷವೋ ಪ್ರತಿಭೆಯೋ?

ಜಟೆಗಟ್ಟಿದ ಕೂದಲು, ಹೊಗೆಯ ನಡುವೆ ಅರೆಮುಚ್ಚಿದ ಕಣ್ಣು, ಹಿನ್ನೆಲೆಯಲ್ಲಿ ಕೆಂಪು ಹಳದಿ ಹಸಿರು ಬಣ್ಣಗಳ ಪಟ್ಟಿ: ಜಮೈಕಾ ದ್ವೀಪದ ಗಾಯಕ ಬಾಬ್ ಮಾರ್ಲಿಯ ಹೆಸರನ್ನೆತ್ತಿದೊಡನೆ ಬಹುಜನರ ಮನಸ್ಸಿನಲ್ಲಿ ಮೂಡುವುದು ಈ ಚಿತ್ರವೇ ಹೊರತು ಹಾಡಲ್ಲ. ಆತನ ಒಂದು ಹಾಡನ್ನೂ ಪೂರ್ತಿಯಾಗಿ ಕೇಳದವರ ಅಂಗಿಯ ಮೇಲೆಯೂ ಆತನ ಮುಖವುಂಟು. ಆದುದರಿಂದ ಆತನನ್ನು ಮೇಲಕ್ಕೆತ್ತಿದುದು ರಾಸ್ತಾಫಾರಿ ಪಂಥದ ವೇಷವೇ, ಸಂಗೀತದ ಪ್ರತಿಭೆಯಲ್ಲವೆಂದು ವಾದಿಸುವವರಿದ್ದಾರೆ. ಈ ಮಾತು ತೀರ ನಿರಾಧಾರವಾದುದಲ್ಲ. ಆದರೆ ಪೂರ್ಣಸತ್ಯವೂ ಅಲ್ಲ.

ವಾದಿಗಳಿಗೆ ಆಧಾರವುಂಟು. ೧೯೭೩ರಲ್ಲಿ ಐಲೆಂಡ್ ಸಂಸ್ಥೆಯು ‘ಕ್ಯಾಚ್ ಎ ಫೈರ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಜಮೈಕಾದಲ್ಲಿ ಮುದ್ರಿತವಾದ ಹಾಡುಗಳಿಗೆ ಲಂಡನ್ನಿನಲ್ಲಿ ಬೇರೆ ವಾದಕರಿಂದ ಗಿಟಾರಿನ ಮತ್ತು ಕೀಲಿಮಣೆಯ ನುಡಿಸಾಣಿಕೆಯನ್ನು ಸೇರಿಸಿ, ಪಶ್ಚಿಮದ ರಾಕ್ ಶ್ರೋತೃಗಳ ಕಿವಿಗೆ ಒಗ್ಗುವಂತೆ ಅವನ್ನು ತಿದ್ದಲಾಯಿತು. ಮುಂದೆ ಅದರ ಹೊದಿಕೆಯ ಮೇಲೆ ಮಾರ್ಲಿಯು ಗಾಂಜಾ ಸೇದುತ್ತಿರುವ ಚಿತ್ರವೇ ಬಂದಿತು. ೧೯೭೪ರಲ್ಲಿ ಪೀಟರ್ ಟಾಷ್ ಮತ್ತು ಬನ್ನಿ ವೇಲರ್ ಮೇಳವನ್ನು ತೊರೆದ ಬಳಿಕ ಮಾರ್ಲಿಯ ಹೆಸರು ಮೇಳದ ಹೆಸರಿಗಿಂತ ಮುಂದೆ ನಿಂತಿತು. ಮೂವರು ಜೊತೆಗಾರರ ಸಾಧನೆಯು ಒಬ್ಬನ ಮುಖವಾಗಿ ಮಾರಾಟವಾಯಿತೆಂದರೆ ತಪ್ಪಾಗದು.

ಆದರೆ ಕಾಲಕ್ರಮವನ್ನು ನೋಡಿದರೆ ವಾದವು ಸಡಿಲವಾಗುತ್ತದೆ. ಕಿಂಗ್‌ಸ್ಟನ್ನಿನ ಪುಂಡ ಹುಡುಗರಿಗೆ ಶಾಂತರಾಗಿರೆಂದು ಹೇಳುವ ‘ಸಿಮರ್ ಡೌನ್’ ಹಾಡು ೧೯೬೪ರಲ್ಲಿಯೇ ಜಮೈಕಾದ ಮನೆಮಾತಾಗಿತ್ತು. ಆಗ ಹಾಡುಗಾರರದು ಕತ್ತರಿಸಿದ ಕೂದಲು, ಅಚ್ಚುಕಟ್ಟಾದ ಸೂಟು. ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿಯು ಜಮೈಕಾಕ್ಕೆ ಭೇಟಿಯಿತ್ತುದು ೧೯೬೬ರಲ್ಲಿ. ಮಾರ್ಲಿಯು ಪಂಥದ ಕಡೆಗೆ ತಿರುಗಿದುದು ಅದರ ತರುವಾಯ. ಮೇಲಾಗಿ ಆ ಕಾಲದ ಜಮೈಕಾದಲ್ಲಿ ಜಟೆಯು ಲಾಭದ ವಸ್ತುವಾಗಿರಲಿಲ್ಲ. ೧೯೬೩ರಲ್ಲಿ ಕೋರಲ್ ಗಾರ್ಡನ್ಸ್ ಘಟನೆಯ ನೆಪದಲ್ಲಿ ಪೊಲೀಸರು ರಾಸ್ತಾ ಜನರನ್ನು ಹಿಡಿಹಿಡಿದು ಹಿಂಸಿಸಿದರು. ಸರ್ಕಾರವು ಅದಕ್ಕಾಗಿ ಕ್ಷಮೆ ಕೇಳಿದುದು ೨೦೧೭ರಲ್ಲಿ. ಏಟು ತರುವ ವೇಷವನ್ನು ಹೆಸರಿಗಾಗಿ ಯಾರು ತಾನೆ ತೊಡುವರು? ತಾಯ್ನಾಡಿನಲ್ಲಿ ಕಳಂಕವಾಗಿದ್ದುದೇ ಪರದೇಶದಲ್ಲಿ ಆಕರ್ಷಣೆಯಾಯಿತು.

ಇನ್ನು ಎರಡು ಪರೀಕ್ಷೆಗಳುಂಟು. ಟಾಷ್, ಬನ್ನಿ ವೇಲರ್, ಬರ್ನಿಂಗ್ ಸ್ಪಿಯರ್ ಇವರದೂ ಅದೇ ಪಂಥ, ಅದೇ ಜಟೆ. ಇವರು ಸಮರ್ಥರೇ, ಪ್ರಸಿದ್ಧರೇ. ಆದರೂ ಮಾರ್ಲಿಯಷ್ಟು ದೂರ ಇವರ ಹೆಸರು ಹಬ್ಬಲಿಲ್ಲ. ವೇಷವೊಂದೇ ಸಾಕಾಗಿದ್ದರೆ ಫಲದಲ್ಲಿ ಇಷ್ಟು ಅಂತರವೇಕೆ? ಎರಡನೆಯದು, ಮಾರ್ಲಿಯು ರಚಿಸಿದ ‘ಐ ಶಾಟ್ ದ ಷೆರಿಫ್’ ಹಾಡನ್ನು ಪಂಥಕ್ಕೆ ಸೇರದ ಆಂಗ್ಲ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ೧೯೭೪ರಲ್ಲಿ ಹಾಡಲು, ಅದು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನು ಪಡೆಯಿತು. ಅಲ್ಲಿ ರಚನೆಯಿತ್ತು, ರಚಿಸಿದವನ ಮುಖವಿರಲಿಲ್ಲ.

ಹಾಗಾದರೆ ಪ್ರತಿಭೆಯು ಯಾವುದು? ರೆಗೆ ಸಂಗೀತದ ಒಂದು ಮುಖ್ಯ ನಡೆಯಲ್ಲಿ ನಾಲ್ಕು ಪೆಟ್ಟುಗಳ ಪೈಕಿ ಮೊದಲನೆಯದು ಬರಿದಾಗಿದ್ದು, ಮೂರನೆಯದರ ಮೇಲೆ ಭಾರ ಬೀಳುತ್ತದೆ. ಈ ನಡೆಯ ಶ್ರೇಯಸ್ಸು ಮಾರ್ಲಿಯೊಬ್ಬನದಲ್ಲ. ಆತನ ಮೇಳದಲ್ಲಿ ಅದನ್ನು ಡ್ರಮ್ಮಿನ ಮೇಲೆ ಕಾರ್ಲ್‌ಟನ್ ಬ್ಯಾರೆಟ್, ಬಾಸ್ ಗಿಟಾರಿನ ಮೇಲೆ ಆತನ ಅಣ್ಣ ಆಸ್ಟನ್ ಬ್ಯಾರೆಟ್ ಊರ್ಜಿತಗೊಳಿಸಿದರು. ಆ ತೂಗಾಟದ ಮೇಲೆ ಆಡುಮಾತಿನ ಸಹಜತೆ ಕೆಡದಂತೆ ಪದಗಳನ್ನಿಡುವುದು ಮಾರ್ಲಿಯ ಶಕ್ತಿ. ಕಂಠವು ಅಸಾಧಾರಣವಾದುದಲ್ಲ, ಉಚ್ಚಾರದ ಹದವು ಅಸಾಧಾರಣ. ೧೯೮೦ರ ‘ಅಪ್‌ರೈಸಿಂಗ್’ ಮುದ್ರಿಕೆಯ ಕೊನೆಯಲ್ಲಿರುವ ‘ರಿಡೆಂಪ್ಷನ್ ಸಾಂಗ್’ ಇದಕ್ಕೆ ನಿದರ್ಶನ. ಅಲ್ಲಿ ಡ್ರಮ್ಮಿಲ್ಲ, ಬಾಸಿಲ್ಲ. ಒಂದು ಗಿಟಾರು, ಒಂದು ಕಂಠ. ಕೇಳುವವನಿಗೆ ವೇಷವು ಕಾಣುವುದಿಲ್ಲ; ಶ್ರದ್ಧೆಯು ಮಾತ್ರ ಕೇಳಿಸುತ್ತದೆ. ಹಾಡಿನ ತಿರುಳಾದ ಮಾತು ರಾಸ್ತಾ ಜನರು ಪ್ರವಾದಿಯೆಂದು ಗೌರವಿಸುವ ಮಾರ್ಕಸ್ ಗಾರ್ವಿಯ ೧೯೩೭ರ ಭಾಷಣದಿಂದ ಬಂದುದು. ಆ ಶ್ರದ್ಧೆಯನ್ನು ತೆಗೆದುಹಾಕಿದರೆ ಹಾಡೇ ಉಳಿಯದು.

ವಾದಿಗಳು ಎಡವುವುದು ಇಲ್ಲಿಯೇ. ವೇಷವನ್ನೂ ಶ್ರದ್ಧೆಯನ್ನೂ ಅವರು ಒಂದೆಂದೆಣಿಸುತ್ತಾರೆ. ಶ್ರದ್ಧೆಯು ಪ್ರತಿಭೆಗೆ ವಸ್ತುವನ್ನೊದಗಿಸಿತು. ವೇಷವು ವ್ಯಾಪಾರಕ್ಕೆ ಒದಗಿತು. ೧೯೮೧ರ ಮೇ ೧೧ರಂದು ಮಾರ್ಲಿಯು ೩೬ನೆಯ ವಯಸ್ಸಿನಲ್ಲಿ ತೀರಿಕೊಂಡನು. ೧೯೮೪ರಲ್ಲಿ ಹೊರಬಂದ ‘ಲೆಜೆಂಡ್’ ಸಂಕಲನವು ಎರಡೂವರೆ ಕೋಟಿಗೂ ಮಿಕ್ಕಿ ಮಾರಾಟವಾಗಿದೆ. ಅದರಲ್ಲಿ ಪ್ರೇಮದ ಮತ್ತು ಸಾಂತ್ವನದ ಹಾಡುಗಳಿಗೇ ಪ್ರಾಧಾನ್ಯ. ಅನ್ಯಾಯದ ಮೇಲೆ ಕಿಡಿಕಾರುವ ಹಾಡುಗಳು ವಿರಳ. ವೇಷವು ಉಳಿಯಿತು, ಶ್ರದ್ಧೆಯ ಕಾವು ಆರಿತು. ಈ ಚಿತ್ರವು ಜನರನ್ನು ಬಾಗಿಲವರೆಗೆ ಕರೆತಂದುದು ನಿಜ. ಒಳಗೆ ಕೂರಿಸಿದುದು ಹಾಡು. ಬಾಗಿಲಲ್ಲೇ ನಿಂತು ಚಿತ್ರವನ್ನು ನೋಡಿ ಹಿಂತಿರುಗಿದವರು ಮಾರ್ಲಿಯನ್ನು ಹೊಗಳಿದರೂ ತೆಗಳಿದರೂ ಆ ತೀರ್ಪಿಗೆ ಬೆಲೆಯಿಲ್ಲ. ೧೯೬೪ರ ಆ ಹಾಡನ್ನೂ ೧೯೮೦ರ ಈ ಹಾಡನ್ನೂ ಒಂದರ ಬೆನ್ನಿಗೊಂದು ಕೇಳಿದವರಿಗೆ ಸಂದೇಹಕ್ಕೆ ಎಡೆಯಿರದು.