ಭಾರ ಹೇರಿದರಷ್ಟೇ ಸಾಲದು

ಮಾದರಿ ರೈಲು ಎಂಜಿನ್ನಿನ ಗಾಲಿಗಳು ಜಾರುತ್ತಿದ್ದರೆ ಒಳಗೆ ಸೀಸದ ತುಂಡು ಇಡಿ - ಇದು ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ ಸಲಹೆ. ಇದು ತಪ್ಪಲ್ಲ, ಆದರೆ ಅಪೂರ್ಣ.

ಮೊದಲು ಇದರಲ್ಲಿರುವ ಸತ್ಯ. ಎಂಜಿನ್ನು ಜಾರದೆ ಎಳೆಯಬಲ್ಲ ಗರಿಷ್ಠ ಬಲವು ಚಾಲಕ ಗಾಲಿಗಳ ಮೇಲಿನ ಭಾರ ಹಾಗೂ ಘರ್ಷಣಾ ಗುಣಾಂಕಗಳ ಗುಣಲಬ್ಧ. ಭಾರತೀಯ ರೈಲ್ವೆಯ 123 ಟನ್ನಿನ ಡಬ್ಲ್ಯೂಎಜಿ-9 ಸರಕು ಎಂಜಿನ್ನಿನ ಗರಿಷ್ಠ ಎಳೆತ ಸುಮಾರು 460 ಕಿಲೋನ್ಯೂಟನ್. ಭಾರ ಹೇರಿ 135 ಟನ್ನಿಗೇರಿಸಿದ ಡಬ್ಲ್ಯೂಎಜಿ-9ಎಚ್ ಎಂಜಿನ್ನಿನದು ಸುಮಾರು 500. ಭಾಗಿಸಿ ನೋಡಿ: ಎರಡರಲ್ಲೂ ಎಳೆತವು ತೂಕದ ಸುಮಾರು ಶೇ. 38.

ಇನ್ನು ಕೊರತೆಗಳು. ಭಾರವನ್ನು ಎಲ್ಲಿಡಬೇಕೆಂದು ಸಲಹೆ ಹೇಳುವುದಿಲ್ಲ. ಘರ್ಷಣಾ ಗುಣಾಂಕ 0.2 ಎಂದುಕೊಳ್ಳೋಣ. 100 ಗ್ರಾಂ ಚಾಲಕ ಗಾಲಿಗಳ ಮೇಲೆ ಕುಳಿತರೆ ಎಳೆತ 20 ಗ್ರಾಂ ಭಾರದಷ್ಟು ಹೆಚ್ಚುತ್ತದೆ. ಮೋಟಾರಿನ ಸಂಪರ್ಕವಿಲ್ಲದ ಮುಂದಿನ ಪುಟ್ಟ ಗಾಲಿಗಳ ಮೇಲೆ ಕುಳಿತರೆ ಲಾಭವಿಲ್ಲ. 30ಕ್ಕೆ 1ರ ಏರಿನಲ್ಲಂತೂ ಅದನ್ನು ಹೊರುವುದಕ್ಕೇ 3 ಗ್ರಾಂ ಭಾರಕ್ಕಿಂತ ಹೆಚ್ಚಿನ ಎಳೆತ ವ್ಯರ್ಥ.

ಎರಡನೆಯ ಕೊರತೆ ಗಂಭೀರವಾದುದು. ಗಾಲಿ ಜಾರುವುದನ್ನು ದೋಷವೆಂದೇ ಈ ಸಲಹೆ ಭಾವಿಸುತ್ತದೆ. ವಾಸ್ತವವಾಗಿ ಜಾರುವಿಕೆ ಮೋಟಾರಿಗೆ ರಕ್ಷಣೆ. ಭಾರ ಅತಿಯಾದರೆ, ಹೊರೆ ಹೆಚ್ಚಿದಾಗ ಗಾಲಿ ಜಾರುವ ಬದಲು ಮೋಟಾರೇ ನಿಲ್ಲುತ್ತದೆ. ತಿರುಗದ ಮೋಟಾರಿನಲ್ಲಿ ವಿರುದ್ಧ ವಿದ್ಯುಚ್ಚಾಲಕ ಬಲ ಉಂಟಾಗದು. ವಿದ್ಯುತ್ ಪ್ರವಾಹ ಏರಿ ಸುರುಳಿ ಸುಡಬಹುದು.

ಪರ್ಯಾಯಗಳಿಗೂ ಮಿತಿಗಳಿವೆ. ಗಾಲಿಗೆ ರಬ್ಬರ್ ಪಟ್ಟಿ ತೊಡಿಸಿದರೆ ಘರ್ಷಣೆ ಹೆಚ್ಚುತ್ತದೆ, ಆದರೆ ಆ ಗಾಲಿ ಹಳಿಯಿಂದ ವಿದ್ಯುತ್ ಪಡೆಯಲಾರದು. ಬ್ರಿಟನ್ನಿನ ಟ್ರೈ-ಆಂಗ್ ಸಂಸ್ಥೆ 1960ರ ದಶಕದಲ್ಲಿ 'ಮ್ಯಾಗ್ನಡ್ಹೀಶನ್' ಹೆಸರಿನಲ್ಲಿ ಅಯಸ್ಕಾಂತ ಅಳವಡಿಸಿತು. ತೂಕ ಏರಿಸದೆ ಗಾಲಿಯನ್ನು ಹಳಿಗೆ ಒತ್ತುವ ಈ ಉಪಾಯ ಜಾಣತನದ್ದೇ. ಆದರೆ ಉಕ್ಕಿನ ಹಳಿಗೆ ಮಾತ್ರ ಸಲ್ಲುತ್ತದೆ. ಇಂದು ಹೆಚ್ಚಾಗಿ ಬಳಸುವ ನಿಕ್ಕಲ್-ಸಿಲ್ವರ್ ಹಳಿ ಅಯಸ್ಕಾಂತಕ್ಕೆ ಅಂಟದು.

ಆದ್ದರಿಂದ ಸಲಹೆಯನ್ನು ಹೀಗೆ ತಿದ್ದಬಹುದು: ಭಾರವನ್ನು ಚಾಲಕ ಗಾಲಿಗಳ ನೇರಕ್ಕೆ ಸ್ವಲ್ಪಸ್ವಲ್ಪವಾಗಿ ಸೇರಿಸಿ. ಪ್ರತಿ ಬಾರಿ ಎಂಜಿನ್ನನ್ನು ಕ್ಷಣಕಾಲ ತಡೆಹಿಡಿದು, ಪೂರ್ಣ ವೋಲ್ಟೇಜಿನಲ್ಲಿ ಗಾಲಿ ಜಾರುತ್ತದೆಯೇ ನೋಡಿ. ಜಾರದಿದ್ದರೆ ಕೂಡಲೇ ವಿದ್ಯುತ್ ನಿಲ್ಲಿಸಿ, ಭಾರ ತಗ್ಗಿಸಿ. ಸೀಸ ವಿಷಕಾರಿ, ಶಾಲೆಯಲ್ಲಿ ಹಿತ್ತಾಳೆಯ ತುಂಡುಗಳೇ ಲೇಸು. ಒಂದು ಸ್ಪ್ರಿಂಗ್ ತಕ್ಕಡಿ ಇದ್ದರೆ ಭಾರ-ಎಳೆತಗಳ ನಕ್ಷೆಯನ್ನು ವಿದ್ಯಾರ್ಥಿಗಳೇ ಬರೆಯಬಹುದು. ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ?