ಮಾತು ಕದಡಿದಾಗ ಸಾಕ್ಷಿ ಯಾರು?

ಸುಸಾನಾ ಕ್ಯಾಹಲನ್ ಅವರ 'ಬ್ರೇನ್ ಆನ್ ಫೈರ್' 2012ರಲ್ಲಿ ಪ್ರಕಟವಾದ ಆತ್ಮಕಥನ. 2009ರಲ್ಲಿ, 24ರ ಹರೆಯದ ಈ ನ್ಯೂಯಾರ್ಕ್ ಪತ್ರಕರ್ತೆಯನ್ನು ಸಂಶಯ, ಭ್ರಮೆ, ಫಿಟ್ಸ್ ಒಂದೊಂದಾಗಿ ಮುತ್ತಿಕೊಂಡವು. ಮಾತು ತೊದಲಿತು, ಕ್ರಮೇಣ ಬತ್ತಿತು. ಕುಡಿತವೇ ಕಾರಣವೆಂದವರಿದ್ದರು, ಮನೋರೋಗವೆಂದವರಿದ್ದರು. ನಿಜದಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಆಕೆಯ ಮಿದುಳಿನ ಮೇಲೆ ತಿರುಗಿಬಿದ್ದಿತ್ತು. ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು 2007ರಲ್ಲಷ್ಟೇ ಗುರುತಿಸಿದ್ದ ಕಾಯಿಲೆ ಅದು.

ಪುಸ್ತಕದ ಪ್ರಸಿದ್ಧ ಪುಟವೆಂದರೆ ಗಡಿಯಾರದ್ದು. ಸಿರಿಯಾ ಮೂಲದ ವೈದ್ಯ ಸುಹೇಲ್ ನಜ್ಜಾರ್ ಆಕೆಯಿಂದ ಗಡಿಯಾರದ ಚಿತ್ರ ಬರೆಸುತ್ತಾರೆ. ಅಂಕಿಗಳೆಲ್ಲ ಬಲಬದಿಯಲ್ಲೇ ಗುಂಪುಗೂಡುತ್ತವೆ. ಮಿದುಳಿನ ಬಲಭಾಗ ಉರಿಯುತ್ತಿರುವುದಕ್ಕೆ ಅದೇ ಸುಳಿವು.

ಗುಂಡ್ಲುಪೇಟೆಯ ಓದುಗ ಇಲ್ಲಿ ಕ್ಷಣ ನಿಲ್ಲಬೇಕು. ಶಾಲೆಯ ಮೆಟ್ಟಿಲು ಹತ್ತದ ಕೂಲಿ ಹೆಂಗಸಿನ ಕೈಗೆ ಪೆನ್ನು ಕೊಟ್ಟರೆ ಸೊಟ್ಟ ಗಡಿಯಾರ ಏನನ್ನೂ ಹೇಳದು. ಆಗ ಉಳಿಯುವುದು ಮಾತೊಂದೇ. ಆದರೆ ಯಾವ ಮಾತು? ಕೇರಳ, ತಮಿಳುನಾಡುಗಳ ದಾರಿ ಕವಲೊಡೆಯುವ ಊರಿದು. ಮನೆಯೊಳಗೆ ದಖನಿ, ಸಂತೆಯಲ್ಲಿ ಕನ್ನಡ. ಚಾಮರಾಜನಗರದ ಕಾಡಂಚಿನ ಸೋಲಿಗರಿಗೆ ಅವರದೇ ನುಡಿ. ಹೊರಗಿನಿಂದ ಬಂದ ವೈದ್ಯರಿಗೆ ತೊದಲು ಕೇಳಿಸೀತು. ಆದರೆ ಒಂದು ಪದದ ಜಾಗದಲ್ಲಿ ಇನ್ನೊಂದು ಬಂದದ್ದು, ಕೇಳಿದ ಪ್ರಶ್ನೆಯನ್ನೇ ರೋಗಿ ಮರಳಿ ಒಪ್ಪಿಸಿದ್ದು ಗೊತ್ತಾಗುವುದು ಆ ನುಡಿ ಬಲ್ಲವರಿಗೆ. ಹಳ್ಳಿಯಲ್ಲಿ ಅವ್ವನನ್ನು 'ನೀನು' ಎನ್ನುವುದು ಸಲುಗೆ. ಎಂದೂ ಎದುರಾಡದ ಸೊಸೆ ಮಾವನಿಗೆ ಹಾಗೆಂದರೆ ಅದು ರೋಗದ ಸೂಚನೆಯೂ ಇರಬಹುದು. ಈ ವ್ಯತ್ಯಾಸ ಮನೆಯವರಿಗಷ್ಟೇ ತಿಳಿದೀತು. ಅವರೂ 'ಗಾಳಿ ಸೋಕಿದೆ' ಎಂದು ತಾಯತಕ್ಕೆ ಓಡಿದರೆ, ಇರುವ ಒಬ್ಬನೇ ಸಾಕ್ಷಿಯೂ ಕೈಬಿಟ್ಟಂತೆ.

ಕ್ಯಾಹಲನ್‌ರ ಪುಸ್ತಕದಲ್ಲೂ ಇಂಥ ಸಾಕ್ಷಿಗಳಿದ್ದಾರೆ. ಆಕೆಗೆ ಆ ತಿಂಗಳ ನೆನಪು ಬಹುಪಾಲು ಅಳಿಸಿಹೋಗಿದೆ. ವಿಚ್ಛೇದಿತ ತಂದೆತಾಯಿ ಆಸ್ಪತ್ರೆಯಲ್ಲಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಲು ಬರೆದಿಟ್ಟ ದಿನಚರಿ, ವಿಡಿಯೊ, ದಾಖಲೆಗಳಿಂದಲೇ ಆಕೆ ಕಥೆ ಕಟ್ಟಿದ್ದು. ಹೀಗಿದ್ದೂ ಕಥನದ ನಾಯಕಪಟ್ಟ ಗಡಿಯಾರಕ್ಕೆ ಸಲ್ಲುತ್ತದೆ. ದಿನಚರಿ ಬರಿಯ ಆಕರವಾಗಿ ಉಳಿಯುತ್ತದೆ. ಪುಸ್ತಕದ ದೊಡ್ಡ ಕೊರತೆ ಇದೇ. ನಮ್ಮಂಥವರಿಗೆ ಅದರ ಅತ್ಯಮೂಲ್ಯ ಭಾಗ ಆ ದಿನಚರಿಯೇ.

ಈ ಕಾಯಿಲೆಗೆ ಮದ್ದಿದೆ. 577 ರೋಗಿಗಳ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷಗಳವರೆಗೆ ಗಮನಿಸಲಾದವರ ಪೈಕಿ ಸುಮಾರು ಶೇಕಡಾ 80 ಮಂದಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಸಿಕ್ಕವರಿಗೆ ಗುಣ ಹೆಚ್ಚು. ಬೆನ್ನುಹುರಿಯ ದ್ರವದ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಗುತ್ತದೆ. ಆದರೆ ಅಲ್ಲಿಗೆ ಚೀಟಿ ಬರೆಸುವ ಮಾತು ಹೊರಡಬೇಕಾದದ್ದು ಮನೆಯಿಂದ: 'ಇವಳ ಮಾತು ಹೀಗಿರಲಿಲ್ಲ, ಇಂಥ ದಿನದಿಂದ ಹೀಗಾಯಿತು.' ಅದನ್ನು ರೋಗಿಯ ಕಡತದಲ್ಲಿ ಬರೆದುಕೊಳ್ಳುವ ತಾಳ್ಮೆ ಆಸ್ಪತ್ರೆಗೂ ಬೇಕು.