ದಾಯವೋ ದೀಕ್ಷೆಯೋ: ಬ್ಯಾಪ್ಟಿಸ್ಟ್ ಸಭೆಯ ಸ್ವರೂಪಲಕ್ಷಣವನ್ನು ಕುರಿತು

ಒಂದು ಮತಸಮಾಜವು ಯಾವ ವಾಕ್ಯಗಳಿಂದ ತನ್ನನ್ನು ತಾನು ನಿರ್ದೇಶಿಸಿಕೊಳ್ಳುವುದೋ ಆ ವಾಕ್ಯಗಳನ್ನು ಅನುಯಾಯಿಗಳು ಪಠಿಸುವರು, ಪ್ರತಿವಾದಿಗಳು ಖಂಡಿಸುವರು; ಅವನ್ನು ಲಕ್ಷಣವಾಕ್ಯಗಳೆಂದೆಣಿಸಿ ಪರೀಕ್ಷಿಸುವವರು ವಿರಳ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ನೈಯಾಯಿಕರು ಹೇಳಿರುವರಷ್ಟೆ. ಒಳಗಿರತಕ್ಕವರಲ್ಲಿ ಕೆಲವರನ್ನು ಬಿಟ್ಟರೆ ಮೊದಲನೆಯದು. ಹೊರಗಿರತಕ್ಕವರನ್ನು ಸೇರಿಸಿಕೊಂಡರೆ ಎರಡನೆಯದು. ಹೇಳಿದ ಧರ್ಮವು ಲಕ್ಷ್ಯದಲ್ಲಿ ಎಲ್ಲಿಯೂ ಕಾಣದಿದ್ದರೆ ಮೂರನೆಯದು. ಈ ಒರೆಗಲ್ಲಿನ ಮೇಲೆ ಕ್ರೈಸ್ತರಲ್ಲಿ ಬ್ಯಾಪ್ಟಿಸ್ಟರೆಂಬ ಪಂಗಡದವರ ಸಭಾಲಕ್ಷಣವನ್ನು ತಿಕ್ಕಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರವನ್ನು ಬಸವಕಲ್ಯಾಣ ಹುಮನಾಬಾದುಗಳ ಸೀಮೆಯಲ್ಲಿ ನಿಂತು ಮಾಡುವುದಕ್ಕೆ ಕಾರಣವುಂಟು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯೆಯನ್ನು ರಚಿಸಿದುದು ಈ ಕಲ್ಯಾಣದಲ್ಲಿಯೇ. ಪಿತ್ರಾರ್ಜಿತ ದ್ರವ್ಯದಲ್ಲಿ ಮಗನಿಗೆ ಜನ್ಮದಿಂದಲೇ ಸ್ವತ್ವವುಂಟೆಂಬುದು ಆತನ ಸಿದ್ಧಾಂತ. ಅದೇ ಪಟ್ಟಣದಲ್ಲಿ, ಅದೇ ಹನ್ನೆರಡನೆಯ ಶತಮಾನದ ನಡುವೆ, ಬಸವಾದಿ ಶರಣರು ಭಕ್ತಿಯ ವಿಷಯದಲ್ಲಿ ಇದಕ್ಕೆ ವಿಪರೀತವಾದ ಮಾತನ್ನಾಡಿದರು: ಭಕ್ತನಾಗುವುದು ಹುಟ್ಟಿನಿಂದಲ್ಲ, ದೀಕ್ಷೆಯಿಂದ ಮತ್ತು ನಡೆಯಿಂದ. ಹೊಲಮನೆಗಳು ದಾಯವಾಗಿ ಬರುವಂತೆ ದೈವಸಂಬಂಧವೂ ಬರುವುದೆ, ಎಂಬ ಪ್ರಶ್ನೆಗೆ ಕಲ್ಯಾಣವು ಹೀಗೆ ಕಿವಿಗೊಟ್ಟಿರುವುದು.

ಬ್ಯಾಪ್ಟಿಸ್ಟರ ಪಂಗಡವು ಹುಟ್ಟಿದುದೂ ಈ ಪ್ರಶ್ನೆಯಿಂದಲೇ. 1609ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಜಾನ್ ಸ್ಮಿತ್ ಎಂಬ ಆಂಗ್ಲ ಬೋಧಕನು, ಶೈಶವದಲ್ಲಿ ತನಗಾದ ಸಂಸ್ಕಾರವು ಸಂಸ್ಕಾರವೇ ಅಲ್ಲವೆಂದು ನಿಶ್ಚಯಿಸಿ, ಪುನಃ ದೀಕ್ಷಾಸ್ನಾನವನ್ನು ಮಾಡಿಕೊಂಡನು. ಅವನ ಸಂಗಡಿಗ ತಾಮಸ್ ಹೆಲ್ವಿಸ್‌ನು 1612ರಲ್ಲಿ ಲಂಡನ್ನಿಗೆ ಮರಳಿ ಇಂಗ್ಲೆಂಡಿನ ಮೊದಲ ಬ್ಯಾಪ್ಟಿಸ್ಟ್ ಸಭೆಯನ್ನು ಕೂಡಿಸಿದನು. ಇವರ ಸಂತತಿಯವರು 1644, 1689 ಮೊದಲಾದ ವರ್ಷಗಳಲ್ಲಿ ಪ್ರಕಟಿಸಿದ ವಿಶ್ವಾಸಪತ್ರಗಳಲ್ಲಿಯೂ, ಸಭೆಗಳು ಕೂಡಿ ಓದುವ ಒಡಂಬಡಿಕೆಗಳಲ್ಲಿಯೂ ಕಾಣುವ ಲಕ್ಷಣವನ್ನು ಹೀಗೆ ಸಂಗ್ರಹಿಸಬಹುದು: ತಾನೇ ಅರಿತು, ತನ್ನ ಬಾಯಿಂದ ವಿಶ್ವಾಸವನ್ನು ಒಪ್ಪಿ, ನೀರಿನಲ್ಲಿ ಮುಳುಗಿ ಎದ್ದವರು ಪರಸ್ಪರ ಹೊಣೆಯಾಗಿ ಕೂಡಿದುದು ಸಭೆ. ಅರಸನ ಆಜ್ಞೆಯಿಂದಾಗಲಿ ತಂದೆಯ ಹೆಸರಿನಿಂದಾಗಲಿ ಯಾರೂ ಅದರಲ್ಲಿ ಸೇರಿದವರಾಗರು.

ಇನ್ನು ಶಬ್ದವಿಚಾರ. ಈ ಸಂಸ್ಕಾರಕ್ಕೆ ಕನ್ನಡ ಬೈಬಲ್ಲಿನಲ್ಲಿ ರೂಢವಾದ ‘ದೀಕ್ಷಾಸ್ನಾನ’ವೆಂಬ ಸಮಾಸವು ಚೆಲುವಾದುದು. ಪೂರ್ವಪದವು ಶರಣರ ನಾಡಿನ ಕಿವಿಗೆ ಸುಪರಿಚಿತ. ಆದರೆ ಉತ್ತರಪದವು ಬ್ಯಾಪ್ಟಿಸ್ಟರ ಅಭಿಪ್ರಾಯವನ್ನು ಪೂರ್ತಿಯಾಗಿ ಹೊರಲಾರದು. ಧರ್ಮಶಾಸ್ತ್ರದಲ್ಲಿ ಸ್ನಾನವು ಏಳು ಬಗೆ. ಮಂತ್ರದಿಂದ, ಭಸ್ಮದಿಂದ, ಕೇವಲ ಮನಸ್ಸಿನಿಂದಲೂ ಸ್ನಾನವುಂಟು. ನೀರಿನಲ್ಲಿ ಮುಳುಗುವ ವಾರುಣಸ್ನಾನವು ಅವುಗಳಲ್ಲಿ ಒಂದು ಮಾತ್ರ. ಆದುದರಿಂದ ತಲೆಯ ಮೇಲೆ ನೀರು ಚಿಮುಕಿಸುವವರಿಗೂ ಈ ಪದ ಒಪ್ಪುವುದು, ಮುಳುಗಿಸುವವರಿಗೂ ಒಪ್ಪುವುದು. ಬೀದರ ಸೀಮೆಯ ಪ್ರಾಟೆಸ್ಟೆಂಟರಲ್ಲಿ ಪ್ರಮುಖರಾದ ಮೆಥೊಡಿಸ್ಟರು ಶಿಶುಗಳಿಗೂ ಈ ಸಂಸ್ಕಾರ ಮಾಡತಕ್ಕವರು; ಅವರಿಗೆ ಇದರಿಂದ ತೊಡಕಿಲ್ಲ. ಬ್ಯಾಪ್ಟಿಸ್ಟರಿಗಾದರೋ ಇದು ಅಲ್ಪವಿಷಯವಲ್ಲ. ಬಂಗಾಳಿ ಮೊದಲಾದ ಅನುವಾದಗಳಲ್ಲಿ ಅವರು ಮುಳುಗುವುದೆಂಬ ಅರ್ಥದ ಪದವನ್ನೇ ಬಳಸಿದುದರಿಂದ ಬ್ರಿಟಿಷ್ ಬೈಬಲ್ ಸಂಘದ ಸಹಾಯವು ತಪ್ಪಿ, 1840ರಲ್ಲಿ ಅವರು ಪ್ರತ್ಯೇಕವಾದ ಅನುವಾದಸಂಘವನ್ನೇ ಸ್ಥಾಪಿಸಬೇಕಾಯಿತು. ‘ದೀಕ್ಷಾವಗಾಹನ’ವೆಂದಿದ್ದರೆ ಅವರ ಅರ್ಥವು ಖಚಿತವಾಗುತ್ತಿತ್ತು, ಎಲ್ಲ ಪಂಗಡಗಳೂ ಒಂದೇ ಗ್ರಂಥವನ್ನು ಓದುವ ಸೌಕರ್ಯವು ತಪ್ಪುತ್ತಿತ್ತು.

ಈಗ ದೋಷಪರೀಕ್ಷೆ. ಮೊದಲು ಅತಿವ್ಯಾಪ್ತಿಯನ್ನು ನೋಡೋಣ. ತೆಲುಗುನಾಡಿನ ಒಂಗೋಲಿನ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್ನಿನವರು 1878ನೆಯ ಜುಲೈ 3ರಂದು ಒಂದೇ ದಿನ 2,222 ಜನರಿಗೆ ದೀಕ್ಷಾಸ್ನಾನ ಮಾಡಿಸಿದರು. ಬಂದವರು ಬಹುಮಟ್ಟಿಗೆ ಮಾದಿಗ ಸಮುದಾಯದವರು. ಕಾಲವು ಘೋರಕ್ಷಾಮದ ಬೆನ್ನಿನದು. ಊರೂರೇ ಬಂದ ಕಡೆ ಒಬ್ಬೊಬ್ಬನ ಅರಿವೆಲ್ಲಿ, ಅನ್ನಕ್ಕಾಗಿ ಬಂದವರೂ ಒಳಸೇರಿದರಲ್ಲವೆ, ಎಂದು ಪೂರ್ವಪಕ್ಷ. ಅದಕ್ಕೆ ಸಮಾಧಾನವಿಷ್ಟು: ಮಿಷನ್ನಿನ ಮುಖ್ಯಸ್ಥ ಜಾನ್ ಕ್ಲಫ್‌ನು ಕ್ಷಾಮದಲ್ಲಿ ಕಾಲುವೆಯ ಕೆಲಸವನ್ನು ಹಿಡಿದು ಜನರಿಗೆ ಕೂಲಿ ಒದಗಿಸಿದನು, ಆ ಪರಿಹಾರಕಾರ್ಯ ನಡೆಯುತ್ತಿದ್ದಷ್ಟು ಕಾಲ ದೀಕ್ಷಾಸ್ನಾನವನ್ನು ನಿಲ್ಲಿಸಿದ್ದನು. ಲಕ್ಷಣವನ್ನು ಕಾಯಬೇಕೆಂಬ ಎಚ್ಚರವು ಇದರಲ್ಲಿ ಸ್ಪಷ್ಟವಾಗಿದೆ. ಕೂಡಿ ಬಾಳುವ ಜನರು ಕೂಡಿಯೇ ನಿಶ್ಚಯಿಸಿದರೆ ಅದು ನಿಶ್ಚಯವಲ್ಲವೆಂದು ಹೇಳುವುದೂ ಸಾಹಸವೇ.

ಅವ್ಯಾಪ್ತಿಯು ಇದಕ್ಕಿಂತ ಕಠಿನವಾದುದು. ಸಭೆಯ ಮಡಿಲಲ್ಲಿಯೇ ಹುಟ್ಟಿ, ಅದರ ಗೀತಗಳನ್ನು ಹಾಡುತ್ತ ಬೆಳೆಯುವ ಬಾಲಕನು ಯಾರು? ಲಕ್ಷಣದ ಪ್ರಕಾರ ಅವನು ಇನ್ನೂ ಹೊರಗಿನವನು. ಈ ತೊಡಕು ಕಲ್ಯಾಣದ ಪರಂಪರೆಗೂ ಬಂದಿತು. ಅಲ್ಲಿ ಶಿಶುವಿಗೆ ಲಿಂಗಧಾರಣೆ ಮಾಡಿಸಿ, ವಯಸ್ಸು ಬಂದಮೇಲೆ ದೀಕ್ಷೆ ಕೊಡಿಸುವ ಸಂಪ್ರದಾಯವು ಬೆಳೆಯಿತು. ಇದರಿಂದ ಮಗುವು ಒಳಗಾಯಿತು. ಆದರೆ ಕಾಲಕ್ರಮದಲ್ಲಿ ದೀಕ್ಷೆಯು ದಾಯದ ಪಕ್ಕದಲ್ಲಿ ಬಂದು ಕುಳಿತಿತು. ಹಲವು ಬ್ಯಾಪ್ಟಿಸ್ಟ್ ಸಭೆಗಳು ಶಿಶುವನ್ನು ದೇವರಿಗೆ ಸಮರ್ಪಿಸಿ ಪ್ರಾರ್ಥಿಸುವುವು, ನೀರನ್ನು ಮಾತ್ರ ಮುಟ್ಟಿಸವು. ತಂದೆಯು ಮಗನಿಗೆ ಎಲ್ಲವನ್ನೂ ಕೊಡಬಲ್ಲನು, ವಿಶ್ವಾಸವನ್ನು ಕೊಡಲಾರನು. ಮಗನು ಬೇಡವೆಂದರೆ ಆ ನೋವನ್ನು ಸಹಿಸಬೇಕು. ಈ ಅವ್ಯಾಪ್ತಿಯನ್ನು ಅವರು ತಿಳಿದೇ ಒಪ್ಪಿಕೊಂಡಿರುವರು. ಇದು ದೋಷವಲ್ಲ, ಲಕ್ಷಣದ ಬೆಲೆಯೆಂದು ನಮ್ಮ ಮತ.

ಅಸಂಭವದ ಪರೀಕ್ಷೆ ನಡೆಯತಕ್ಕುದು ವಿವಾಹದಲ್ಲಿ. ಎಲ್ಲರೂ ಸಮಾನರೆಂದು ಪತ್ರದಲ್ಲಿ ಬರೆಯುವುದು ಸುಲಭ. ವಂಗದೇಶದ ಶ್ರೀರಾಂಪುರದಲ್ಲಿ, 1817ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದ ವಿಲಿಯಂ ಕೇರಿಯ ಬ್ಯಾಪ್ಟಿಸ್ಟ್ ಬಳಗದಲ್ಲಿ, 1803ರಲ್ಲಿ ಬ್ರಾಹ್ಮಣ ಕುಲದ ಕೃಷ್ಣಪ್ರಸಾದನಿಗೂ ಬಡಗಿ ಕೃಷ್ಣಪಾಲನ ಮಗಳಿಗೂ ವಿವಾಹವಾಯಿತು. ಎರಡು ವರ್ಷಗಳ ತರುವಾಯ, 1805ರಲ್ಲಿ, ಆ ಬಳಗವು ತನ್ನ ಒಪ್ಪಂದಪತ್ರವನ್ನು ಬರೆದು, ವರ್ಷಕ್ಕೆ ಮೂರು ಸಲ ಎಲ್ಲ ಕೇಂದ್ರಗಳಲ್ಲಿಯೂ ಓದತಕ್ಕುದೆಂದು ವಿಧಿಸಿತು. ಸ್ವಂತ ಆಸ್ತಿಯೆಂಬುದು ತಮಗಿಲ್ಲವೆಂಬುದೂ ಅದರಲ್ಲಿ ಒಂದು ಮಾತು. ನಡೆಯು ಮೊದಲು, ನುಡಿಯು ಆಮೇಲೆ. ಆದುದರಿಂದಲೇ ಆ ನುಡಿಗೆ ತೂಕ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಲಗ್ನದಿಂದ ಕಲ್ಯಾಣದಲ್ಲಿ ರಕ್ತ ಹರಿಯಿತೆಂದು ಪರಂಪರೆಯು ಹೇಳುವುದನ್ನು ವಾಚಕರು ಇಲ್ಲಿ ಸ್ಮರಿಸತಕ್ಕುದು.

ಹುಮನಾಬಾದಿನ ಮಾಣಿಕನಗರದಲ್ಲಿ ಬೇರೊಂದು ಲಕ್ಷಣವುಂಟು. ಮಾಣಿಕಪ್ರಭುಗಳ (1817–1865) ಸಕಲಮತ ಸಂಪ್ರದಾಯದಲ್ಲಿ ಯಾರೂ ತಮ್ಮ ಮತವನ್ನು ಬಿಟ್ಟು ಬರಬೇಕಾಗಿಲ್ಲ. ಅಲ್ಲಿ ಬಾಗಿಲೇ ಇಲ್ಲದುದರಿಂದ ಹೊರಗಿನವನೆಂಬ ಮಾತೂ ಇಲ್ಲ. ಈ ಔದಾರ್ಯದ ಮುಂದೆ ಬ್ಯಾಪ್ಟಿಸ್ಟರ ಬಾಗಿಲು ಇಕ್ಕಟ್ಟೆಂದು ತೋರುವುದು ಸಹಜ. ಆದರೆ ಎಲ್ಲರನ್ನೂ ಒಳಗೊಳ್ಳುವ ಬಳಗವು ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ಹೊಣೆ ಮಾಡಲಾರದು. ಹೊಣೆಯನ್ನು ಕೇಳುವ ಬಳಗಕ್ಕೆ ಬಾಗಿಲೊಂದು ಬೇಕೇ ಬೇಕು. ಎರಡರ ಪ್ರಯೋಜನವೂ ಬೇರೆ ಬೇರೆ.

ಸಾಹಿತ್ಯಬೋಧಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಸಭೆಗಳ ಒಡಂಬಡಿಕೆಗಳನ್ನು ಪರಮತದ ಕಾಗದಗಳೆಂದು ಬದಿಗಿಡದೆ, ವಚನಗಳ ಪಕ್ಕದಲ್ಲಿಟ್ಟು ವಿದ್ಯಾರ್ಥಿಗಳಿಂದ ಓದಿಸಬಹುದು. ಯಾರು ಒಳಗೆ ಬರಬಹುದು, ಬಂದವರು ಯಾರ ಮನೆಯ ಹೆಣ್ಣನ್ನು ತರಬಹುದು, ಅವರ ಮಗನು ಏನಾಗುವನು ಎಂಬ ಮೂರು ಪ್ರಶ್ನೆಗಳನ್ನು ಎರಡಕ್ಕೂ ಸಮವಾಗಿ ಕೇಳಲಿ. ನಮ್ಮ ನಮ್ಮ ಮಠಗಳಿಗೂ ಪಾಠಶಾಲೆಗಳಿಗೂ ಅದೇ ಪ್ರಶ್ನೆಗಳನ್ನು ಕೇಳುವ ಧೈರ್ಯವು ಆಮೇಲೆ ತಾನಾಗಿ ಬಂದೀತು.